ಬರೋಣದ ಮಾತು ಮೊದಲು ಹೋಗಿದ್ದು ಸಾವಾದ ಮನೆಗಳಿಗೆ

ಎರಡನೇ ಬರೋಣದ, ಅಂದ್ರೆ ಯೇಸು ಕ್ರಿಸ್ತ ತಿರುಗಿ ಬರುವುದರ ಪ್ರಸಂಗದಲ್ಲಿ ನಮ್ಮಲ್ಲಿ ಹೆಚ್ಚಾಗಿ ಕೇಳಿಸುವುದು ಏನು? ಯುದ್ಧ, ಭೂಕಂಪ, ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಬರುವ 666, ಅಂದ್ರೆ ದೇವರ ವಿರೋಧಿಯಾದ ಮೃಗದ ಗುರುತು. ಕೊರೊನಾ ಲಸಿಕೆ ಬಂದಾಗ ಇದೇ ಆ ಗುರುತು ಅಂತ ವಾಟ್ಸಾಪ್‌ನಲ್ಲಿ ಸಂದೇಶಗಳು ಓಡಾಡಿದವು. ಅದನ್ನು ನಂಬಿ ಹೆದರಿದವರೂ ಇದ್ದರು. ನನಗೆ ಇದು ತುಂಬಾ ಸಂಕಟದ ವಿಷಯ. ಯಾಕಂದ್ರೆ ಮೊದಲ ಶತಮಾನದಲ್ಲಿ ಸುವಾರ್ತೆ ಸಾರುತ್ತಾ ತಿರುಗಿದ ಅಪೊಸ್ತಲ ಪೌಲ ಈ ಬರೋಣದ ಮಾತನ್ನು ಬರೆದು ಕಳಿಸಿದ್ದು ಥೆಸಲೊನೀಕದಲ್ಲಿ ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದ ಜನರಿಗೆ.

ಥೆಸಲೊನೀಕ ಮಕೆದೋನ್ಯದ ಬಂದರು ಪಟ್ಟಣ. ಪೌಲ ಅಲ್ಲಿ ನೆಮ್ಮದಿಯಾಗಿ ಇರಲು ಆಗಲಿಲ್ಲ. ಗಲಭೆ ಎದ್ದಿತು. ಪೌಲನಿಗೆ ಆಶ್ರಯ ಕೊಟ್ಟಿದ್ದ ಯಾಸೋನನ ಮನೆಗೆ ಜನ ನುಗ್ಗಿದರು. ಅಲ್ಲಿನ ವಿಶ್ವಾಸಿಗಳು ಪೌಲನನ್ನೂ ಜೊತೆಗಾರ ಸೀಲನನ್ನೂ ರಾತ್ರೋರಾತ್ರಿ ಬೆರೋಯ ಪಟ್ಟಣಕ್ಕೆ ಕಳಿಸಬೇಕಾಯಿತು. ಹಿಂದೆ ಉಳಿದದ್ದು ಇನ್ನೂ ಕಣ್ಣು ಬಿಡುತ್ತಿದ್ದ ಒಂದು ಸಭೆ. ಅಷ್ಟರಲ್ಲೇ ಅಲ್ಲಿ ಕೆಲವರು ತೀರಿಕೊಂಡರು. ಉಳಿದವರಿಗೆ ಚಿಂತೆ ಹತ್ತಿತು. ಕರ್ತನಾದ ಯೇಸು ಬರುವಾಗ ಬದುಕಿರುವವರಿಗೆ ಮಾತ್ರ ಪಾಲಿದೆಯಾ? ಮಣ್ಣು ಮಾಡಿ ಬಂದ ಅಮ್ಮನ ಗತಿ ಏನು, ತಮ್ಮನ ಗತಿ ಏನು? ಪೌಲನ ಜೊತೆಗಾರ ತಿಮೊಥೆಯ ಅಲ್ಲಿಗೆ ಹೋಗಿ ಸುದ್ದಿ ತಂದ ಮೇಲೆ, ಸುಮಾರು ಕ್ರಿ.ಶ. 50ರ ಹೊತ್ತಿಗೆ, ಪೌಲ ಕೊರಿಂಥದಿಂದ ಉತ್ತರ ಬರೆದ. ಅದೇ ಬೈಬಲಿನ ಮೊದಲನೆಯ ಥೆಸಲೊನೀಕ ಪತ್ರಿಕೆ.

ಅವನು ಅಳಬೇಡಿ ಅನ್ನಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡಿ ಅಂದ. ಸತ್ತವರು ಹಿಂದೆ ಉಳಿಯುವುದಿಲ್ಲ, ಕ್ರಿಸ್ತನಲ್ಲಿ ಸತ್ತವರೇ ಮೊದಲು ಏಳುತ್ತಾರೆ ಅಂದ. ಆಮೇಲೆ ಬದುಕಿರುವವರೂ ಅವರ ಜೊತೆಗೇ ಕರ್ತನನ್ನು ಎದುರುಗೊಳ್ಳುತ್ತಾರೆ. ‘ಅವರ ಜೊತೆಗೇ’ ಅನ್ನುವ ಈ ಭಾಗಕ್ಕೆ ನನ್ನ ಜೀವ ಅಂಟಿಕೊಂಡಿದೆ. ಅದೇ ಭಾಗದಲ್ಲಿ ಬರುವ ತುತ್ತೂರಿ ಹೇಗೆ ಊದುತ್ತದೆ, ಮೇಘ ಎಲ್ಲಿರುತ್ತದೆ ಅಂತ ನಾವು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಪೌಲ ಮಾತ್ರ ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿ ಅಂತ ಹೇಳಿ ಆ ಭಾಗ ಮುಗಿಸುತ್ತಾನೆ.

2021ರ ಎರಡನೇ ಅಲೆಯಲ್ಲಿ ಎಷ್ಟು ಮನೆಯವರಿಗೆ ಸತ್ತವರ ಮುಖ ನೋಡಲೂ ಸಿಗಲಿಲ್ಲ, ಅಲ್ವಾ? ಪಿಪಿಇ ಕಿಟ್ ಹಾಕಿಕೊಂಡವರು ಪೆಟ್ಟಿಗೆ ಇಳಿಸಿದರು. ದುಬೈಯಲ್ಲೋ ಕುವೈತ್‌ನಲ್ಲೋ ಇದ್ದ ಮಕ್ಕಳು ಮೊಬೈಲ್‌ನಲ್ಲಿ ನೋಡಿ ಅತ್ತರು. ಅಂಥವರಿಗೆ ‘ಆತ್ಮ ಪರಲೋಕಕ್ಕೆ ಹೋಯಿತು, ಸಮಾಧಾನ ಮಾಡಿಕೊಳ್ಳಿ’ ಅಂದರೆ ಸಾಲದು. ಅದು ಸುಳ್ಳಲ್ಲ, ಆದರೆ ಅರ್ಧ. ಕ್ರೈಸ್ತ ನಿರೀಕ್ಷೆ ಒಬ್ಬೊಬ್ಬರಾಗಿ ತಪ್ಪಿಸಿಕೊಂಡು ಹೋಗುವುದಲ್ಲ. ದೇಹ ಏಳುತ್ತದೆ, ಚದುರಿದವರು ಒಂದಾಗುತ್ತಾರೆ, ಕರ್ತನು ನಡುವೆ ಇರುತ್ತಾನೆ. ಇದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ.

ಬರೋಣದ ದಿನದ ಲೆಕ್ಕ ಹಾಕುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದರು. ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು. ಆ ದಿನವೂ ಗಳಿಗೆಯೂ ಮಗನಾದ ತನಗೂ ತಿಳಿಯದು, ತಂದೆಯಾದ ದೇವರಿಗೆ ಮಾತ್ರ ತಿಳಿದಿದೆ ಅಂತ ಯೇಸುವೇ ಹೇಳಿರುವಾಗ ನಮಗೆ ಈ ಲೆಕ್ಕ ಯಾಕೆ?

ಥೆಸಲೊನೀಕದವರಿಗೂ ಇದೇ ಕಾಟ ಇತ್ತು ಅನ್ನುವುದು ಅವರಿಗೆ ಬರೆದ ಎರಡನೇ ಪತ್ರಿಕೆಯಲ್ಲಿ ಗೊತ್ತಾಗುತ್ತದೆ. ಕರ್ತನ ದಿನ ಬಂದೇಬಿಟ್ಟಿದೆ ಅನ್ನುವ ಮಾತು ಹಬ್ಬಿತ್ತು. ನಮ್ಮಿಂದ ಬಂತು ಅಂತ ಯಾರಾದರೂ ಪತ್ರ ತೋರಿಸಿದರೂ ಕದಲಬೇಡಿ, ಗಾಬರಿಯಾಗಬೇಡಿ ಅಂತ ಪೌಲ ಬರೆಯಬೇಕಾಯಿತು. ಫಾರ್ವರ್ಡ್ ಸಂದೇಶ ಹೊಸದೇನಲ್ಲ! ಅದೇ ಪತ್ರಿಕೆಯಲ್ಲಿ, ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದವರಿಗೆ ದುಡಿದು ಉಣ್ಣಿ ಅಂತ ಖಡಾಖಂಡಿತವಾಗಿ ಹೇಳಿದ್ದಾನೆ. ಬರೋಣಕ್ಕೆ ಕಾಯುವುದು ಅಂದರೆ ಮಕ್ಕಳ ಓದು ಬಿಡಿಸುವುದಲ್ಲ, ಆಸ್ತಿ ಮಾರುವುದಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು. ಸಂಜೆ ದುಃಖದಲ್ಲಿರುವವರ ಮನೆಗೂ ಹೋಗಿ ಕೂರಬೇಕು.

ಸಭಾಪಾಲಕರಲ್ಲಿ ನನ್ನದೊಂದು ಬೇಡಿಕೆ ಇದೆ. ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ದಿನಗಳು ಯೇಸು ತಿರುಗಿ ಬರುವುದನ್ನು ನೆನೆಯುವ ಕಾಲವೂ ಹೌದು. ಆದರೆ ಅಷ್ಟರಲ್ಲಿ ನಾವು ಕ್ಯಾರಲ್, ಕೇಕು, ನಾಟಕದಲ್ಲಿ ಮುಳುಗಿರುತ್ತೇವೆ. ಈ ಸಲ ಅದರಲ್ಲಿ ಒಂದು ಭಾನುವಾರ ಮೊದಲನೆಯ ಥೆಸಲೊನೀಕದ ನಾಲ್ಕನೇ ಅಧ್ಯಾಯ ಓದಿಸಿ. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿ. ಅವರ ಮನೆಯವರು ಅಲ್ಲೇ ಬೆಂಚುಗಳಲ್ಲಿ ಕೂತಿರುತ್ತಾರೆ. ಆ ಪತ್ರ ಬರೆದದ್ದೇ ಅಂಥವರಿಗೆ.