ನೀರೊಳಗಿನ ಜಗಲಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್, ಅಂದರೆ ಒಳಗೇ ಉಂಡು ಮಲಗಬಹುದಾದ ಕಿರಿದಾದ ದೋಣಿಯನ್ನು, ಬಾಡಿಗೆಗೆ ಪಡೆಯಲು ಯಾವ ಪರವಾನಗಿಯೂ ಬೇಕಿಲ್ಲವೆಂದು ತಿಳಿದ ದಿನವೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಕ್ಟೋಬರ್ ಕೊನೆಯ ವಾರದಲ್ಲಿ ಬಾಡಿಗೆ ಅಗ್ಗವೆಂಬ ಒಂದೇ ಕಾರಣಕ್ಕೆ ಬರ್ಮಿಂಗ್‌ಹ್ಯಾಮಿನಿಂದ ಹೊರಟ ನಾವಿಬ್ಬರು, ಶ್ರಾಪ್‌ಶೈರ್ ಯೂನಿಯನ್ ಕಾಲುವೆಯಲ್ಲಿ 57 ಅಡಿ ಉದ್ದದ, 7 ಅಡಿಗೂ ಕಡಿಮೆ ಅಗಲದ ಉಕ್ಕಿನ ದೋಣಿಯೊಂದಕ್ಕೆ ಯಜಮಾನರಾದೆವು. ವೇಗದ ಮಿತಿ ಗಂಟೆಗೆ 4 ಮೈಲಿ. ಓಡಿಸುವುದರಲ್ಲಿ ಕಷ್ಟವಿರಲಿಲ್ಲ, ಇದ್ದದ್ದೆಲ್ಲ ನಿಲ್ಲಿಸಿ ಕಟ್ಟುವುದರಲ್ಲಿ.

ಈ ದೋಣಿಗೆ ಬ್ರೇಕ್ ಇಲ್ಲ. ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿದರೆ ನಿಧಾನವಾಗುತ್ತದೆ, ಆದರೆ ಆಗ ಚುಕ್ಕಾಣಿ ಯಾರ ಮಾತನ್ನೂ ಕೇಳುವುದಿಲ್ಲ. ಉದುರಿದ ಎಲೆಗಳು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ನಿಧಾನವಾಗುವ ಭರವಸೆಯೂ ಇಲ್ಲ. ಚಪ್ಪಟೆ ತಳದ ದೋಣಿಯ ಉದ್ದನೆಯ ಪಕ್ಕೆಗೆ ಗಾಳಿ ಬೀಸಿತೆಂದರೆ ಮೂತಿ ತನಗೆ ಬೇಕಾದ ದಿಕ್ಕಿಗೆ ಹೊರಡುತ್ತದೆ. ಸಾಲದ್ದಕ್ಕೆ, ಹಿಂದಿನ ಭಾನುವಾರವಷ್ಟೇ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿದಿದ್ದರಿಂದ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಿದ್ದ. ಬಾಡಿಗೆಯ ದೋಣಿಯನ್ನು ಕತ್ತಲಲ್ಲಿ ಓಡಿಸುವಂತಿರಲಿಲ್ಲ.

ಮಾರ್ಕೆಟ್ ಡ್ರೇಟನ್‌ನಲ್ಲಿ ಒಳ್ಳೆಯ ಜಾಗಗಳೆಲ್ಲ ಭರ್ತಿಯಾಗಿದ್ದರಿಂದ ಊರಾಚೆ ದಡ ಹುಡುಕಿದೆವು. ಥಾಮಸ್ ಟೆಲ್ಫರ್ಡ್ ರೂಪಿಸಿದ, 1835ರಲ್ಲಿ ಸಂಚಾರಕ್ಕೆ ತೆರೆದ ಈ ಕಾಲುವೆಯ ಅಂಚಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಹಲವೆಡೆ ಒಂದು ಕಟ್ಟೆ ಚಾಚಿಕೊಂಡಿರುತ್ತದೆ. ದೋಣಿಯವರು ಅದನ್ನು ಶ್ರಾಪಿ ಶೆಲ್ಫ್ ಎನ್ನುತ್ತಾರೆ. ಜಗಲಿಯೆಂದರೆ ದಾರಿಹೋಕರನ್ನು ಕೂರಿಸಿಕೊಳ್ಳುವುದಕ್ಕೆಂದು ನಂಬಿ ಬೆಳೆದವನು ನಾನು. ಈ ಜಗಲಿ ಬಂದವರನ್ನು ದಡದಿಂದ ಮಾರು ದೂರದಲ್ಲೇ ತಡೆದು ಧಡ್ ಎಂದು ಗುದ್ದಿ ಕಳಿಸುತ್ತದೆ. ನಾಲ್ಕನೆಯ ಗುದ್ದಿಗೆ ಹಗ್ಗ ಹಿಡಿದು ನಿಂತಿದ್ದ ಹೆಂಡತಿ, “ರೀ, ದೋಣೀನ ದಡಕ್ಕೆ ತರ್ತೀರೋ, ದಡಾನೇ ನಾನು ಎಳೆದು ತರಲೋ?” ಎಂದು ಕೇಳಿದಳು.

ಕೊನೆಗೆ ಅವಳೇ ಹೇಗೋ ದಾಟಿದಳು. ಹಿಂದಿನ ಗೂಟವನ್ನು ಅವಳು ಹೊಡೆದಳು, ಮುಂದಿನದನ್ನು ನಾನು. ಬಾಲ್ಯದಲ್ಲಿ ಎಮ್ಮೆ ಕಟ್ಟಿದ ಅನುಭವವಿದ್ದ ನನಗೆ, ಮಳೆಯಲ್ಲಿ ನೆನೆದ ಆ ನೆಲದೊಳಗೆ ಗೂಟವು ಬಿಸಿ ಮುದ್ದೆಗೆ ಬೆರಳಿಟ್ಟಂತೆ ಇಳಿದದ್ದು ನನ್ನ ತೋಳ್ಬಲದಿಂದಲೇ ಎಂಬ ಹೆಮ್ಮೆಯೂ ಆಯಿತು. ರಾತ್ರಿಯಿಡೀ ಜಗಲಿ ನಮ್ಮ ತಲೆದಿಂಬಿನ ಕೆಳಗೇ ಬಾಗಿಲು ಬಡಿಯುತ್ತಿತ್ತು.

ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳು, ಕಿಟಕಿಯಾಚೆಯ ಬೇಲಿ ನಡೆದುಹೋಗುತ್ತಿದೆ ಎಂದು ಕೂಗಿದಳು. ಪಕ್ಕದಲ್ಲಿ ತುಸು ಅವಸರದಿಂದ ಸಾಗಿದ ದೋಣಿಯೊಂದು ನೀರನ್ನು ಸೆಳೆದ ರಭಸಕ್ಕೆ ನನ್ನ ಗೂಟ ಕಿತ್ತುಬಂದು, ನಮ್ಮ ಮೂತಿ ಆಚೆ ದಡದ ಪೊದೆಯೊಳಗೆ ಹೊಕ್ಕಿತ್ತು. ಇಡೀ ಕಾಲುವೆಗೆ ನಾವು ಟೋಲ್ ಗೇಟಿನಂತೆ ಅಡ್ಡಲಾಗಿದ್ದೆವು. ಅವಳ ಗೂಟ ಮಾತ್ರ ಕದಲಿರಲಿಲ್ಲ. ಈ ವಿಷಯ ಆ ವಾರ ಎಷ್ಟು ಬಾರಿ ಪ್ರಸ್ತಾಪವಾಯಿತೆಂದು ನಾನು ಲೆಕ್ಕವಿಟ್ಟಿಲ್ಲ.

ನಾಯಿಯೊಂದಿಗೆ ಬಂದ ವೃದ್ಧರೊಬ್ಬರು ಹಗ್ಗ ಹಿಡಿದೆಳೆದು, ಮೆತ್ತನೆಯ ನೆಲದಲ್ಲಿ ಎರಡು ಗೂಟಗಳನ್ನು ಕತ್ತರಿಯಾಕಾರದಲ್ಲಿ ಹೊಡೆಯಬೇಕೆಂದು ತೋರಿಸಿಕೊಟ್ಟರು. ದೋಣಿಗೂ ಜಗಲಿಗೂ ನಡುವೆ, ತೋಟದಲ್ಲಿ ಮಣ್ಣು ಸಾಗಿಸುವ ಒಂಟಿಚಕ್ರದ ತಳ್ಳುಗಾಡಿಯ ಚಕ್ರಗಳನ್ನು ಇಳಿಬಿಡಿ ಎಂದೂ ಹೇಳಿದರು. ದಾರಿಯುದ್ದಕ್ಕೂ ಅಂಥ ಚಕ್ರಗಳನ್ನು ಹೊತ್ತ ದೋಣಿಗಳನ್ನು ಕಂಡು, ಈ ಜನಕ್ಕೆ ತೋಟಗಾರಿಕೆಯ ಹುಚ್ಚು ಎಷ್ಟೆಂದು ನಾವು ಬೆರಗಾಗಿದ್ದೆವು.

ಅಂದೇ ಊರಿಗೆ ಹೋಗಿ ಎರಡು ಚಕ್ರ ಕೊಂಡೆವು. ತೋಟಕ್ಕೋ ಎಂದು ವಿಚಾರಿಸಿದ ಅಂಗಡಿಯವನಿಗೆ, “ಅಲ್ಲ, ಮಲಗುವ ಕೋಣೆಗೆ” ಎಂದಳು ನನ್ನವಳು.