ಕಿಟಕಿ ಇಲ್ಲದ ಹಾಸ್ಟೆಲ್ ಕಟ್ಟಿಲ್ಲ: ಒಂದು ಸ್ಪಷ್ಟನೆ
ಅಮೆರಿಕದ ಯೂನಿವರ್ಸಿಟಿಯೊಂದು ದಾನಿಯ ಮಾತು ಕೇಳಿ, ಪೂರ್ತಿ ಅವರ ದುಡ್ಡಲ್ಲೇ ಕಿಟಕಿ ಇಲ್ಲದ ಹಾಸ್ಟೆಲ್ ಕಟ್ಟೇಬಿಟ್ಟಿದೆ ಅನ್ನೋ ಪೋಸ್ಟ್ ಮತ್ತೆ ಓಡಾಡುತ್ತಿದೆ. ಕಟ್ಟಿಲ್ಲ. ಅದು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಮಂಗರ್ ಹಾಲ್. 11 ಮಹಡಿ, ಸುಮಾರು 4,500 ವಿದ್ಯಾರ್ಥಿಗಳು, ಬಹುತೇಕ ಕೋಣೆಗಳಿಗೆ ಕಿಟಕಿಯೇ ಇಲ್ಲ ಅನ್ನೋ ಪ್ಲಾನ್ ನಿಜ, ಅದನ್ನು ವಿರೋಧಿಸಿ 2021ರಲ್ಲಿ ವಿನ್ಯಾಸ ಸಮಿತಿಯ ಆರ್ಕಿಟೆಕ್ಟ್ ಒಬ್ಬರು ರಾಜೀನಾಮೆ ಕೊಟ್ಟಿದ್ದೂ ನಿಜ.

ಪೂರ್ತಿ ಖರ್ಚು ದಾನಿಯದು ಅನ್ನೋದು ಸುಳ್ಳು. ಆ ದಾನಿ, ಶ್ರೀಮಂತ ಹೂಡಿಕೆದಾರ ಚಾರ್ಲಿ ಮಂಗರ್, ಕೊಡ್ತೀನಿ ಅಂದಿದ್ದು 20 ಕೋಟಿ ಡಾಲರ್, ಅದೂ ತಮ್ಮ ಪ್ಲಾನ್‌ನಂತೆಯೇ ಕಟ್ಟಿದರೆ ಮಾತ್ರ (ಷರತ್ತು ಸಣ್ಣದೇನಲ್ಲ, ಅಲ್ವಾ?), ಅಂದಾಜು ವೆಚ್ಚ ಸುಮಾರು 150 ಕೋಟಿ. ಅಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಕ್ಯಾಂಪಸ್ ಮುಖ್ಯಸ್ಥರು ಹೂಂ ಅಂದರೆ ಸಾಲದು, ರೀಜೆಂಟ್ಸ್ ಅನ್ನೋ ಆಡಳಿತ ಮಂಡಳಿ ಬಜೆಟ್, ವಿನ್ಯಾಸ, ಪರಿಸರ ವರದಿ ಎಲ್ಲ ನೋಡಿ ಒಪ್ಪಬೇಕು. ಆ ಅಂತಿಮ ಒಪ್ಪಿಗೆ ಸಿಗಲೇ ಇಲ್ಲ, 2023ರಲ್ಲಿ ಯೂನಿವರ್ಸಿಟಿಯೇ ಯೋಜನೆ ಕೈಬಿಟ್ಟು ಬೇರೆ ಆರ್ಕಿಟೆಕ್ಟ್‌ಗಳನ್ನು ಹುಡುಕಿತು.