‘ಇಲ್ಲಿ ರಾಜಕೀಯ ಮಾತನಾಡಬಾರದು’

ಈ ಸಲ ಹಾಸನಾಂಬೆಯ ದರ್ಶನಕ್ಕೆಂದು ಊರಿಗೆ ಬಂದಿದ್ದೆ. ಧರ್ಮದರ್ಶನದ ಸಾಲಿನಲ್ಲಿ ನಿಂತ ಅಷ್ಟು ಹೊತ್ತೂ ಮೊಬೈಲಿನ ಆಟದಲ್ಲಿ ಮುಳುಗಿದ್ದ ಅಕ್ಕನ ಮಗ ಇದ್ದಕ್ಕಿದ್ದಂತೆ ನಕ್ಕು, “ನೋಡಿ ಮಾವ, ನಮ್ಮೂರ ಹೆಸರೇ ಕೆಟ್ಟ ಮಾತಂತೆ” ಎಂದು ಪರದೆಯನ್ನು ನನ್ನ ಮುಂದೆ ಹಿಡಿದ. ಜೊತೆಯಲ್ಲಿ ಆಡುತ್ತಿದ್ದವರು ಯಾರೋ ಊರು ಯಾವುದೆಂದು ಕೇಳಿದ್ದರು. ಇವನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಸನ ಎಂದು ಬರೆದಿದ್ದ. ಆಟವು ಮೊದಲಿನ ಒಂದು ಅಕ್ಷರವನ್ನೂ ಕೊನೆಯ ಎರಡನ್ನೂ ಉಳಿಸಿ, ನಡುವಿನ ಮೂರನ್ನು ನಕ್ಷತ್ರಗಳಾಗಿ ಮಾಡಿತ್ತು. ಆ ಮೂರು ಅಕ್ಷರ ಒಟ್ಟಿಗೆ ಕೂತರೆ ಇಂಗ್ಲಿಷಿನಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥೋರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಖಾತೆ ತೆರೆಯಲಾಗದೆ ಹೋದದ್ದೂ ಊರ ಹೆಸರಿನೊಳಗೆ ಇಂಥದೇ ಒಂದು ಪದ ಅಡಗಿದ್ದುದರಿಂದ. ಅದನ್ನು ಓದಿದಾಗ ನಕ್ಕಿದ್ದೆ. ಅಮ್ಮನವರ ಬಾಗಿಲಿಗೆ ಹೋಗುವ ಸಾಲಿನಲ್ಲೇ ಅಮ್ಮನವರ ಊರಿಗೆ ಮಸಿ ಬಳಿದದ್ದನ್ನು ಕಂಡಾಗ ಮಾತ್ರ ನಗು ಬರಲಿಲ್ಲ. “ಯಾರಿಗೆ ಹೇಳೋದು ಮಾವ?” ಎಂದು ಕೇಳಿದ. ದೂರು ಕೊಡುವ ಗುಂಡಿಯೊಂದಿತ್ತು, ಒತ್ತಿದ; ಧನ್ಯವಾದ ಎಂದು ಬಂತು, ಅಷ್ಟೇ.

ಸಾಲು ಮುಂದೆ ಸರಿಯುವ ಲಕ್ಷಣವಿರಲಿಲ್ಲವಾದ್ದರಿಂದ ಅವನಿಗೆ ಒಂದು ಹಳೆಯ ಹೋಟೆಲಿನ ಕಥೆ ಹೇಳಿದೆ. ನಾನು ಚಿಕ್ಕವನಿದ್ದಾಗ ಅಪ್ಪ ಸಕಲೇಶಪುರದ ಕಡೆಯ ತೋಟದಿಂದ ಹಾಸನಕ್ಕೆ ಬಂದಾಗಲೆಲ್ಲ, ಜೀಪನ್ನು ಆಳಿನ ವಶಕ್ಕೆ ಬಿಟ್ಟು ನನ್ನನ್ನು ಆ ಹೋಟೆಲಿನೊಳಗೆ ಕರೆದೊಯ್ಯುತ್ತಿದ್ದರು. ಗಲ್ಲಾದ ಮೇಲೆ, ‘ತಟ್ಟೆಯಲ್ಲಿ ಕೈ ತೊಳೆಯಬಾರದು’ ಎಂಬುದರ ಪಕ್ಕದಲ್ಲೇ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡಿತ್ತು. 1978ರಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ, ಒಂದು ಬೈಟು ಕಾಫಿಗೆ ಎರಡು ಗಂಟೆ ಮೇಜು ಹಿಡಿದು ಕೂರುವವರ ಕಾಟ ತಾಳಲಾರದೆ ಮಾಲೀಕರು ಅದನ್ನು ಬರೆಸಿದ್ದೆಂದು ಅಪ್ಪ ಹೇಳುತ್ತಿದ್ದರು. ಅವರಿಗೆ ಯಾವ ಪಕ್ಷದ ಮೇಲೂ ಸಿಟ್ಟಿರಲಿಲ್ಲ, ಮೇಜು ತೆರವಾಗಬೇಕಿತ್ತು. ಮಾತು ಮಿತಿ ಮೀರಿದರೆ ಕ್ಲೀನರ್ ಹುಡುಗನನ್ನು ಕಳುಹಿಸಿ, ಕುಡಿಯುತ್ತಿರುವ ಲೋಟದ ಸುತ್ತಲೇ ಮೇಜು ಒರೆಸಿಸುತ್ತಿದ್ದರು. ಅದಕ್ಕೂ ಏಳದವರಿಗೆ ಮಾಡುವುದೇನೂ ಇರಲಿಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದ ಮರುದಿನ ಆ ಮಾಲೀಕರೇ ಗಲ್ಲಾ ಬಿಟ್ಟು ಬಂದು, ತಮ್ಮದೇ ಬೋರ್ಡಿನ ಕೆಳಗೆ ನಿಂತು ಅರ್ಧ ಗಂಟೆ ರಾಜಕೀಯ ಮಾತನಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಈಗ ಇರುವುದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ವಿಡಿಯೋ ಗೇಮ್ ಲೋಕದ ದೊಡ್ಡ ಹೆಸರುಗಳಲ್ಲೊಂದಾದ ಬ್ಲಿಝರ್ಡ್ ಕಂಪನಿಯ ಊರು ಅದು. ವಾಕ್ ಸ್ವಾತಂತ್ರ್ಯದ ವಿಷಯದಲ್ಲಿ ಅಲ್ಲಿನವರಿಗಿರುವ ಹೆಮ್ಮೆ ಕಡಿಮೆಯದಲ್ಲ. ಹಿಂಸೆಯಿರುವ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಏಳು-ಎರಡರ ಬಹುಮತದಿಂದ ರದ್ದು ಮಾಡಿ, ಪುಸ್ತಕ, ನಾಟಕಗಳಂತೆ ವಿಡಿಯೋ ಗೇಮಿಗೂ ಸಂವಿಧಾನದ ರಕ್ಷಣೆ ಉಂಟೆಂದಿತು. ಆದರೆ ಆ ರಕ್ಷಣೆ ಸರ್ಕಾರದ ಎದುರಿಗೆ ಮಾತ್ರ. ಆಟದ ಒಳಗೆ ಬಾಯಿ ತೆರೆಯುವ ಆಟಗಾರನಿಗೂ ಕಂಪನಿಗೂ ನಡುವೆ ಇರುವುದು ಸಂವಿಧಾನವಲ್ಲ, ಯಾರೂ ಓದದೆ ಒಪ್ಪಿಗೆ ಒತ್ತುವ ಕರಾರು.

ಇದರ ಅರ್ಥ 2019ರ ಅಕ್ಟೋಬರಿನಲ್ಲಿ ಎಲ್ಲರಿಗೂ ಆಯಿತು. ಹಾಂಗ್‌ಕಾಂಗ್‌ನಲ್ಲಿ ಆಗ ಚೀನಾದ ಹಿಡಿತದ ವಿರುದ್ಧ ಚಳವಳಿ ನಡೆದಿತ್ತು. ಬ್ಲಿಝರ್ಡ್‌ನ ಹಾರ್ತ್‌ಸ್ಟೋನ್ ಎಂಬ ಆಟದ ಪಂದ್ಯದ ನಂತರದ ಸಂದರ್ಶನದಲ್ಲಿ ಬ್ಲಿಟ್ಸ್‌ಚಂಗ್ ಎಂಬ ಹೆಸರಿನಲ್ಲಿ ಆಡುವ ಹಾಂಗ್‌ಕಾಂಗ್‌ನ ಹುಡುಗ ಮುಖವಾಡ ಧರಿಸಿ, ಹಾಂಗ್‌ಕಾಂಗ್‌ನ ಬಿಡುಗಡೆಯ ಘೋಷಣೆ ಕೂಗಿದ. ಸಂದರ್ಶನ ನಡೆಸುತ್ತಿದ್ದ ಇಬ್ಬರು ಮೇಜಿನ ಹಿಂದೆ ತಲೆ ತಗ್ಗಿಸಿ ಮರೆಯಾದರು. ಎರಡು ದಿನಗಳಲ್ಲಿ ಆದೇಶ ಬಂತು: ಕಂಪನಿಯ ಹೆಸರಿಗೆ ಧಕ್ಕೆ ತರುವ, ಜನರ ಒಂದು ವರ್ಗಕ್ಕೆ ನೋವುಂಟುಮಾಡುವ ನಡತೆಯ ಕುರಿತ ನಿಯಮದಡಿ ಅವನಿಗೆ ಒಂದು ವರ್ಷದ ನಿಷೇಧ, ಗೆದ್ದ ಬಹುಮಾನದ ಹಣ ಸೊನ್ನೆ, ಆ ಇಬ್ಬರ ಕೆಲಸವೂ ಹೋಯಿತು. ಮೂಲ ಕಂಪನಿಯಲ್ಲಿ ಚೀನಾದ ಟೆನ್ಸೆಂಟ್‌ಗೆ ಆಗ ಸುಮಾರು ಶೇಕಡಾ 5ರ ಪಾಲಿತ್ತು. ಬ್ಲಿಝರ್ಡ್ ಆಟಗಳಿಗೆ ಚೀನಾ ದೊಡ್ಡ ಮಾರುಕಟ್ಟೆಯೂ ಆಗಿತ್ತು. ಗದ್ದಲ ಹೆಚ್ಚಾಗಿ, ಅಮೆರಿಕದ ಎರಡೂ ಪಕ್ಷಗಳ ಜನಪ್ರತಿನಿಧಿಗಳು ಮಾತೆತ್ತುವಂತಾದಾಗ ಬಹುಮಾನದ ಹಣ ಹಿಂತಿರುಗಿತು, ನಿಷೇಧ ಆರು ತಿಂಗಳಿಗಿಳಿಯಿತು. ಚೀನಾದೊಂದಿಗಿನ ಸಂಬಂಧಕ್ಕೂ ಈ ತೀರ್ಮಾನಕ್ಕೂ ನಂಟಿಲ್ಲವೆಂದು ಕಂಪನಿಯ ಅಧ್ಯಕ್ಷರು ಬರೆದರು. ನಂಬುವವರು ನಂಬಲಿ.

ನಮ್ಮ ಹೋಟೆಲಿನವರೂ ಲಾಭಕ್ಕಾಗಿಯೇ ಬಾಯಿ ಮುಚ್ಚಿಸಲು ನೋಡಿದವರು, ಸರಿ. ಆದರೆ ಮೇಜಿನಲ್ಲಿ ಕೂತವನು ಇಂದಿರಾ ಗಾಂಧಿಯವರನ್ನು ಹೊಗಳಿದನೆಂದು ಅವನು ತಿಂದ ಮಸಾಲೆ ದೋಸೆಗೆ ಎರಡು ಪಟ್ಟು ದುಡ್ಡು ಕಿತ್ತವರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೋರ್ಡು ಬರೆಸಿದವರು ಬೋರ್ಡಿನ ಕೆಳಗೇ ಕೂತಿರುತ್ತಿದ್ದರು; ಜಗಳವಾಡುವವನಿಗೆ ಎದುರಿಗೊಂದು ಮುಖವಿತ್ತು. ಆಟದ ಕಂಪನಿಗಳಲ್ಲಿ ಆ ಮುಖವೇ ಇರುವುದಿಲ್ಲ. 2020ರ ಡಿಸೆಂಬರಿನಲ್ಲಿ ಪೋಲೆಂಡಿನ ಜಿಒಜಿ ಎಂಬ ಗೇಮ್ ಮಳಿಗೆ, ಡಿವೋಷನ್ ಎಂಬ ತೈವಾನಿನ ಆಟವನ್ನು ಮಾರುವುದಾಗಿ ಸಾರಿ, ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಿತು. ಚೀನಾದ ಅಧ್ಯಕ್ಷರನ್ನು ಗೇಲಿ ಮಾಡುವ ಚೀಟಿಯೊಂದು ಆ ಆಟದೊಳಗೆ ಸಿಕ್ಕಿದ್ದರಿಂದ ಅದು ಹಿಂದಿನ ವರ್ಷವೇ ಸ್ಟೀಮ್ ಮಳಿಗೆಯಿಂದ ಮರೆಯಾಗಿತ್ತು. ಜಿಒಜಿ ಕೊಟ್ಟ ಕಾರಣ, ಆಟಗಾರರಿಂದಲೇ ಅನೇಕ ಸಂದೇಶಗಳು ಬಂದವು ಎಂಬುದು. ಗಲ್ಲಾದಲ್ಲಿ ಕೂತವರು ‘ನಾನಲ್ಲ, ಗಿರಾಕಿಗಳೇ ಬೇಡವೆಂದರು’ ಎಂದು ಪಕ್ಕದ ಮೇಜಿನತ್ತ ಕೈ ತೋರಿಸಿದ ಹಾಗೆ. ಇಂಥ ಹೋಟೆಲು ಹಾಸನದಲ್ಲಿ ಮೂರು ದಿನವೂ ನಡೆಯುತ್ತಿರಲಿಲ್ಲ ಎಂದೇ ನಾನು ಹುಡುಗನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ, ಮುಂದೆ ನಿಂತಿದ್ದವರು ತಿರುಗಿ ನೋಡಿದರು.

ಅವನಿಗೆ ಹೇಳದೆ ಬಿಟ್ಟ ಸಂಗತಿಯೊಂದಿದೆ. ಬ್ಲಿಝರ್ಡ್ ಅಂಗಳದಲ್ಲಿ ತೋಳದ ಮೇಲೆ ಕೂತ ಯೋಧನ ದೊಡ್ಡ ಕಂಚಿನ ವಿಗ್ರಹವಿದೆ. ಅದರ ಸುತ್ತ ನೆಲದಲ್ಲಿ ಕಂಪನಿಯ ಧ್ಯೇಯವಾಕ್ಯಗಳನ್ನು ಕೂರಿಸಿದ್ದಾರೆ. ಪ್ರತಿಯೊಂದು ದನಿಗೂ ಬೆಲೆಯಿದೆ ಎಂಬುದು ಅವುಗಳಲ್ಲೊಂದು. ಆ ಅಕ್ಟೋಬರಿನಲ್ಲಿ ಯಾರೋ ಅದರ ಮೇಲೆ ಕಾಗದ ಅಂಟಿಸಿ ಮುಚ್ಚಿದರು, ಕೆಲವು ನೌಕರರು ಕೆಲಸದಿಂದ ಎದ್ದು ಬಂದು ಹಾಂಗ್‌ಕಾಂಗ್ ಚಳವಳಿಯ ಗುರುತಾದ ಕೊಡೆಗಳನ್ನು ಬಿಡಿಸಿ ಆ ವಿಗ್ರಹದ ಬಳಿ ನಿಂತರು. ತಿಂಗಳ ಸಂಬಳ ಕೊಡುವ ಕಂಪನಿಯ ಅಂಗಳದಲ್ಲೇ ನಿಂತರು. ನಮ್ಮ ತೋಟದಲ್ಲಿ ಬಟವಾಡೆಯ ದಿನ ಅಪ್ಪನ ಎದುರು ನಿಂತು ಕೂಲಿಯ ಲೆಕ್ಕ ತಪ್ಪಿದೆಯೆಂದು ಹೇಳಿದವರನ್ನು ಕೂಡ ನಾನು ಕಂಡಿಲ್ಲ. ಲೆಕ್ಕ ಎಂದೂ ತಪ್ಪಿರಲಿಲ್ಲವೆಂದು ನಂಬುವುದು ನನಗೂ ಕಷ್ಟ. ದೇಶದ ಮಾತಿಗೆ ಬಂದರೆ, 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ಸರ್ಕಾರ ಒಮ್ಮೆಗೇ ನಿಷೇಧಿಸಿದಾಗ ನಮ್ಮ ಮನೆಯಲ್ಲಿ ಹುಡುಗರ ಓದಿಗೆ ಒಳ್ಳೆಯದಾಯಿತೆಂದು ಸಂತೋಷಪಟ್ಟರು. ಅದರಲ್ಲಿ ನಾನೂ ಒಬ್ಬ.

ಹುಡುಗ ಅಷ್ಟರಲ್ಲಿ ಹಾಸನದಿಂದ ಒಂದು ‘ಎಸ್’ ಅಕ್ಷರವನ್ನು ತೆಗೆದು ಬರೆದಿದ್ದ, ಆಟ ಒಪ್ಪಿಕೊಂಡಿತ್ತು. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಇನ್ನೂ ಹೋಟೆಲಿನ ಕಥೆಯಲ್ಲೇ ಇದ್ದವನಂತೆ ಕೇಳಿದ:

“ಜೀಪಿನ ಹತ್ರ ಇದ್ದೋರು ಒಳಗೆ ಬರ್ತಿರ್ಲಿಲ್ವಾ ಮಾವ?”

ಅವರಿಗೆ ಕಾಫಿ ಹೊರಗೇ ಹೋಗುತ್ತಿತ್ತು, ಲೋಟವೂ ಬೇರೆ. ಸಾಲು ಎರಡು ಹೆಜ್ಜೆ ಮುಂದೆ ಹೋಗಿತ್ತು. ನಡಿ ನಡಿ ಎಂದು ಅವನ ಬೆನ್ನಿಗೆ ಕೈ ಹಚ್ಚಿದೆ.